ಉಸಿರಿನಿಂದ ಶ್ವಾಸಕೋಶದ ಕ್ಯಾನ್ಸರ್ ಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊದಿಸಿ ನೋಡಿದರೆ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಗುತ್ತದಂತೆ. ನಿಜವೇ?

ಅರ್ಧ ನಿಜ. ಕ್ಯಾನ್ಸರ್ ಇರುವವರ ಉಸಿರಿನಲ್ಲಿ ಕೆಲವು ಆವಿಗಳ ಪ್ರಮಾಣ ಬೇರೆಯಾಗಿರುತ್ತದೆ ಎಂಬುದನ್ನು ಹಲವು ಪ್ರಯೋಗಾಲಯಗಳು ಸುಮಾರು ನಲವತ್ತು ವರ್ಷಗಳಿಂದ ಅಳೆದು ತೋರಿಸುತ್ತಾ ಬಂದಿವೆ. ಆದರೆ ಎದುರಿಗೆ ಕುಳಿತ ಒಬ್ಬ ವ್ಯಕ್ತಿಗೆ ಕಾಯಿಲೆ ಇದೆಯೋ ಇಲ್ಲವೋ ಎಂದು ಉಸಿರನ್ನಷ್ಟೇ ನಂಬಿ ಹೇಳುವ ಮಟ್ಟಕ್ಕೆ ಆ ಅಳತೆ ಇನ್ನೂ ಬಂದಿಲ್ಲ. ಸಿ.ಟಿ. ಸ್ಕ್ಯಾನ್ ಬದಲು ಇದನ್ನು ಮಾಡಿಸಿ ಎಂದು ಯಾವ ಪ್ರಮುಖ ವೈದ್ಯಕೀಯ ಮಾರ್ಗಸೂಚಿಯೂ ಹೇಳುವುದಿಲ್ಲ. ತೊಡಕು ಯಂತ್ರದಲ್ಲಿರುವುದು ಕಡಿಮೆ. ಉಸಿರನ್ನು ಹಿಡಿಯುವ ರೀತಿಯಲ್ಲಿ, ಯಾರನ್ನು ಯಾರೊಂದಿಗೆ ಹೋಲಿಸುತ್ತೇವೆ ಎಂಬುದರಲ್ಲಿ ಹೆಚ್ಚು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಅದರ ಬಗ್ಗೆಯೇ ಇವೆ.

ಉಸಿರಿನಲ್ಲಿ ಅಳೆಯುವಂಥದ್ದು ಏನಿದೆ?

ಹೊರಬರುವ ಉಸಿರಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸಾರಜನಕ, ಸುಮಾರು 16% ಆಮ್ಲಜನಕ, 4ರಿಂದ 5% ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಾವಿ. ಇವೆಲ್ಲದರ ನಡುವೆ ಸುಲಭವಾಗಿ ಆವಿಯಾಗುವ ನೂರಾರು ಸಾವಯವ ಸಂಯುಕ್ತಗಳು ಇರುತ್ತವೆ, ಇವನ್ನು ವಿ.ಒ.ಸಿ. ಎನ್ನುತ್ತಾರೆ. ಅಸಿಟೋನ್ ನೂರು ಕೋಟಿಯಲ್ಲಿ ಕೆಲವು ನೂರು ಪಾಲು, ಐಸೋಪ್ರೀನ್ ಸುಮಾರು ನೂರು ಪಾಲು. ಕ್ಯಾನ್ಸರ್ ಸಂಶೋಧಕರು ಹುಡುಕುವ ಆಲ್ಕೇನ್‌ಗಳು ಮತ್ತು ಆಲ್ಡಿಹೈಡ್‌ಗಳು ಬಹಳ ಸಲ ನೂರು ಕೋಟಿಯಲ್ಲಿ ಒಂದೆರಡು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ಪಕ್ಕದ ಕೋಣೆಯಲ್ಲಿ ಹಚ್ಚಿದ ಊದುಬತ್ತಿಯಿಂದ ಬರುವ ಆವಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿರಬಹುದು.

ಗಡ್ಡೆಯೊಳಗಿನ ವಸ್ತು ಉಸಿರಿಗೆ ಬರುವುದು ಹೇಗೆ?

ಜೀವಕೋಶದ ಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಉತ್ಕರ್ಷಣದ ಒತ್ತಡ (ಆಮ್ಲಜನಕದ ಚುರುಕು ಅಣುಗಳು ಜೀವಕೋಶಕ್ಕೆ ಮಾಡುವ ಹಾನಿ) ಹೆಚ್ಚಾದಾಗ ಆ ಕೊಬ್ಬು ತುಂಡಾಗಿ ಈಥೇನ್, ಪೆಂಟೇನ್, ಹೆಕ್ಸನಾಲ್, ನೊನನಾಲ್ ಥರದ ಸಣ್ಣ ಅಣುಗಳಾಗುತ್ತವೆ. ಅವು ರಕ್ತಕ್ಕೆ ಸೇರಿ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತ ಬಿಟ್ಟು ಗಾಳಿಗೆ ದಾಟುತ್ತವೆ. ಎರಡನೆಯ ದಾರಿ ಕಿಣ್ವಗಳದು. ಯಕೃತ್ತಿನ ಸೈಟೋಕ್ರೋಮ್ ಪಿ-450 ಗುಂಪಿನ ಕಿಣ್ವಗಳ ಕೆಲಸ ಏರುಪೇರಾದರೆ ಇದೇ ಆವಿಗಳು ಹೆಚ್ಚು ಬೇಗ ಅಥವಾ ನಿಧಾನವಾಗಿ ಕರಗುತ್ತವೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಉತ್ಕರ್ಷಣದ ಒತ್ತಡ ಕ್ಯಾನ್ಸರಿಗೆ ಮಾತ್ರ ಸೇರಿದ್ದಲ್ಲ. ಬೀಡಿ ಸೇದಿದರೂ, ನ್ಯುಮೋನಿಯಾ ಬಂದರೂ, ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘ ಕಾಯಿಲೆ) ಇದ್ದರೂ ಅದೇ ಪೊರೆ ಹಾಗೆಯೇ ಒಡೆಯುತ್ತದೆ.

ಕ್ಯಾನ್ಸರಿಗೇ ಮೀಸಲಾದ ಒಂದು ವಾಸನೆ ಇಲ್ಲವೇ?

ಇದುವರೆಗೆ ಸಿಕ್ಕಿಲ್ಲ. ಅದಕ್ಕೇ ಎಲ್ಲರೂ ಹತ್ತಿಪ್ಪತ್ತು ವಸ್ತುಗಳ ಏರಿಳಿತವನ್ನು ಒಟ್ಟಿಗೆ ನೋಡಿ ಒಂದು ನಮೂನೆ ಹುಡುಕುತ್ತಾರೆ. ಒಂದು ತಂಡದ ಪಟ್ಟಿಯನ್ನು ಇನ್ನೊಂದು ತಂಡದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಎರಡರಲ್ಲೂ ಇರುವ ಹೆಸರುಗಳು ಬಹಳ ಕಡಿಮೆ.

ಈ ಕೆಲಸ ಶುರುವಾದದ್ದು ಯಾವಾಗ?

1971ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ತಂಡ ತೀರಾ ತಣ್ಣಗಿಟ್ಟ ಕೊಳವೆಯಲ್ಲಿ ಉಸಿರನ್ನು ಹಿಡಿದು, ಆವಿಗಳನ್ನು ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮಾಟೋಗ್ರಫಿಯಿಂದ ಸುಮಾರು 250 ವಸ್ತುಗಳ ಗುರುತು ಕಂಡಿತು. 1985ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಉಸಿರಿನ ಮೊದಲ ವಿವರವಾದ ವಿಶ್ಲೇಷಣೆಗಳಲ್ಲೊಂದು ಪ್ರಕಟವಾಯಿತು. 1999ರಲ್ಲಿ ಮೈಕೆಲ್ ಫಿಲಿಪ್ಸ್ ತಂಡದ ಅಧ್ಯಯನ ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಮೇಲೆ ಎಲ್ಲರ ಕಣ್ಣು ಇತ್ತ ತಿರುಗಿತು. 2009ರಲ್ಲಿ ಇಸ್ರೇಲಿನ ಹೈಫಾದ ಟೆಕ್ನಿಯನ್ ಸಂಸ್ಥೆಯ ಹೊಸಾಮ್ ಹೈಕ್ ತಂಡ ಚಿನ್ನದ ನ್ಯಾನೋಕಣಗಳ ಸಂವೇದಕಗಳಿಂದ ಇದೇ ಪ್ರಯತ್ನ ಮಾಡಿತು.

ಫಿಲಿಪ್ಸ್ ಅಧ್ಯಯನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಕ್ಸ್‌ರೇಯಲ್ಲಿ ದೋಷ ಕಂಡು ಬ್ರಾಂಕೋಸ್ಕೋಪಿಗೆ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ) ಬಂದಿದ್ದ 108 ಜನರ ಉಸಿರನ್ನು ತೆಗೆದುಕೊಂಡಿದ್ದರು. ಅವರಲ್ಲಿ 60 ಜನರಿಗೆ ಕ್ಯಾನ್ಸರ್ ಇತ್ತು. 22 ವಸ್ತುಗಳ ನಮೂನೆ ಮೊದಲ ಹಂತದ ಕ್ಯಾನ್ಸರನ್ನು 100% ಹಿಡಿಯಿತು, ಕ್ಯಾನ್ಸರ್ ಇಲ್ಲದವರನ್ನು 81.3% ಸರಿಯಾಗಿ ಬಿಟ್ಟಿತು. ಪತ್ರಿಕೆಗಳು ಎತ್ತಿ ಬರೆದದ್ದು ಇಷ್ಟನ್ನೇ. ಅದೇ ಲೇಖನದಲ್ಲಿ ಇನ್ನೊಂದು ಲೆಕ್ಕವೂ ಇದೆ: ನಮೂನೆ ಕಟ್ಟುವಾಗ ಹೊರಗಿಟ್ಟವರ ಮೇಲೆ ಅದನ್ನು ಪ್ರಯೋಗಿಸಿದಾಗ ಆ ಅಂಕಿಗಳು 71.7% ಮತ್ತು 66.7%ಕ್ಕೆ ಇಳಿದವು. ಈ ಕ್ಷೇತ್ರದ ಇಪ್ಪತ್ತೈದು ವರ್ಷಗಳ ಕಷ್ಟವೆಲ್ಲ ಆ ಎರಡು ಜೋಡಿ ಅಂಕಿಗಳ ನಡುವಿನ ಅಂತರದಲ್ಲಿದೆ. ಅದನ್ನು ಮುಚ್ಚಿಡದೆ ಬರೆದದ್ದು ಆ ತಂಡದ ದೊಡ್ಡ ಗುಣ.

ಉಸಿರಿನ ಮಾದರಿ ತೆಗೆಯುವ ಕ್ರಮ ಏನು?

ತಂಡದಿಂದ ತಂಡಕ್ಕೆ ವಿವರ ಬದಲಾಗುತ್ತದೆ, ಆದರೆ ಸರಿಯಾಗಿ ಮಾಡುವವರ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ.

ಬಂದವರನ್ನು ಕೋಣೆಯಲ್ಲಿ 10ರಿಂದ 15 ನಿಮಿಷ ಸುಮ್ಮನೆ ಕೂರಿಸುತ್ತಾರೆ. ಮೆಟ್ಟಿಲು ಹತ್ತಿ ಬಂದ ಕೂಡಲೇ ಊದಿಸಿದರೆ ಐಸೋಪ್ರೀನ್ ಹಲವು ಪಟ್ಟು ಏರಿರುತ್ತದೆ, ಏಕೆಂದರೆ ಸ್ನಾಯು ಕೆಲಸ ಶುರುಮಾಡಿದ ಮೊದಲ ಕೆಲವು ನಿಮಿಷಗಳಲ್ಲೇ ಅದು ರಕ್ತಕ್ಕೆ ನುಗ್ಗುತ್ತದೆ. ಬಾಯಿಯನ್ನು ಬರೀ ನೀರಿನಿಂದ ಮುಕ್ಕಳಿಸಲು ಹೇಳುತ್ತಾರೆ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಹೊಸ ಬಾಯಿಕೊಳವೆ, ಅದರ ಹಿಂದೆ ಸೋಂಕು ತಡೆಯುವ ಫಿಲ್ಟರ್. ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕ ಶುದ್ಧಮಾಡಿ ಕೆಲವು ನಿಮಿಷ ಉಸಿರಾಡಿಸುವುದೂ ಉಂಟು.

ಒಂದು ಸಾಮಾನ್ಯ ಉಸಿರು ಸುಮಾರು 500 ಮಿ.ಲೀ. ಅದರಲ್ಲಿ ಮೊದಲು ಹೊರಬರುವ ಸುಮಾರು 150 ಮಿ.ಲೀ. ಬಾಯಿ, ಗಂಟಲು, ಶ್ವಾಸನಾಳಗಳಲ್ಲಿ ನಿಂತಿದ್ದ ಗಾಳಿ. ಅದು ರಕ್ತವನ್ನು ಮುಟ್ಟಿಯೇ ಇಲ್ಲ. ಬೇಕಿರುವುದು ಉಸಿರಿನ ಕೊನೆಯ ಭಾಗ. ಹಾಗಾಗಿ ಇಂಗಾಲದ ಡೈಆಕ್ಸೈಡ್ ಅಥವಾ ಒತ್ತಡವನ್ನು ಅಳೆಯುತ್ತಾ, ಗೊತ್ತುಮಾಡಿದ ಮಟ್ಟ ದಾಟಿದಾಗ ಮಾತ್ರ ಮಾದರಿಯನ್ನು ಎಳೆದುಕೊಳ್ಳುವ ಸಾಧನಗಳಿವೆ. ಅಂಥದ್ದಿಲ್ಲದಿದ್ದರೆ ಮೊದಲ ಮೂರನೇ ಒಂದು ಭಾಗವನ್ನು ಹೊರಗೆ ಬಿಟ್ಟು ಉಳಿದದ್ದನ್ನು ಚೀಲಕ್ಕೆ ಊದಿಸುತ್ತಾರೆ.

ಹಿಡಿದ ಉಸಿರನ್ನು ಟೆಡ್ಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಚೀಲದಲ್ಲಿಡಬಹುದು, ಇಲ್ಲವೇ ಟೆನಾಕ್ಸ್ ಟಿಎ ಎಂಬ ಹೀರುವ ಪುಡಿ ತುಂಬಿದ ಬೆರಳುದ್ದದ ಉಕ್ಕಿನ ಕೊಳವೆಯ ಮೂಲಕ ಹಾಯಿಸಬಹುದು. ಸಾಮಾನ್ಯವಾಗಿ ಅರ್ಧ ಲೀಟರಿನಿಂದ ಒಂದು ಲೀಟರ್ ಉಸಿರನ್ನು ನಿಮಿಷಕ್ಕೆ 200 ಮಿ.ಲೀ. ಆಸುಪಾಸಿನ ವೇಗದಲ್ಲಿ ಹಾಯಿಸುತ್ತಾರೆ. ಆವಿಗಳು ಪುಡಿಗೆ ಅಂಟಿಕೊಳ್ಳುತ್ತವೆ, ಸಾರಜನಕ ಮತ್ತು ಆಮ್ಲಜನಕ ಹಾಗೇ ಹೊರಟುಹೋಗುತ್ತವೆ. ಕೊಳವೆಯ ಎರಡೂ ತುದಿಗೆ ಹಿತ್ತಾಳೆ ಮುಚ್ಚಳ ಬಿಗಿದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ.

ಇದೇ ಹೊತ್ತಿಗೆ ಕೋಣೆಯ ಗಾಳಿಯನ್ನೂ ಇನ್ನೊಂದು ಕೊಳವೆಯಲ್ಲಿ ಹಿಡಿಯಲೇಬೇಕು. ಉಸಿರು ಹಾಯಿಸದ ಖಾಲಿ ಕೊಳವೆಯೊಂದನ್ನೂ ಅದೇ ದಾರಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಎರಡಿಲ್ಲದ ಮಾದರಿಯಿಂದ ಏನನ್ನೂ ತೀರ್ಮಾನಿಸಲಾಗದು.

ಪರೀಕ್ಷೆಗೆ ಮುಂಚೆ ಏನನ್ನು ತಿನ್ನಬಾರದು?

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದೇ ರೂಢಿ. ರಾತ್ರಿ ಊಟದಿಂದ 8ರಿಂದ 12 ಗಂಟೆ ಬಿಡುವು ಕೇಳುತ್ತಾರೆ. ನೀರು ಕುಡಿಯಬಹುದು. ಹಿಂದಿನ ದಿನ ಬೆಳ್ಳುಳ್ಳಿ ಬೇಡ, ಅದರ ಗಂಧಕದ ಒಂದು ಸಂಯುಕ್ತ ರಕ್ತದಿಂದ ಉಸಿರಿಗೆ ಗಂಟೆಗಟ್ಟಲೆ ಬರುತ್ತಲೇ ಇರುತ್ತದೆ. ಕಿತ್ತಳೆ, ನಿಂಬೆಯಿಂದ ಲಿಮೊನೀನ್, ಏಲಕ್ಕಿಯಿಂದ ಸಿನಿಯೋಲ್, ಲವಂಗದಿಂದ ಯೂಜಿನಾಲ್. ಎಲೆ ಅಡಿಕೆ ಹಾಕಿಕೊಂಡು ಬಂದವರ ಮಾದರಿಯಲ್ಲಿ ಎಲೆಯ ಎಣ್ಣೆಯಂಶ ಮಿಕ್ಕ ಸಣ್ಣಪುಟ್ಟದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಪುದೀನ ಟೂತ್‌ಪೇಸ್ಟ್, ಸೆಂಟು, ತಲೆಗೆ ಹಚ್ಚುವ ಸುಗಂಧದ ಎಣ್ಣೆ, ಅಮೃತಾಂಜನದಂಥ ನೋವಿನ ಮುಲಾಮು, ಇವೆಲ್ಲವೂ ಬೇಡ. ಸಕ್ಕರೆ ಕಾಯಿಲೆ ಇರುವವರು ಉಪವಾಸದ ವಿಷಯವನ್ನು ಮೊದಲೇ ತಿಳಿಸಬೇಕು: ಉಪವಾಸದಲ್ಲಿ ಅಸಿಟೋನ್ ಏರುವುದು ಒಂದು ಕಾರಣ, ಸಕ್ಕರೆ ತೀರಾ ಇಳಿಯುವ ಅಪಾಯ ಅದಕ್ಕಿಂತ ದೊಡ್ಡ ಕಾರಣ.

ಒಂದೆರಡು ಗಂಟೆ ಬೀಡಿ ಬಿಟ್ಟಿದ್ದರೆ ಸಾಕೇ?

ಸಾಲದು. ಹೊಗೆಯ ಬೆಂಜೀನ್ ಸುಮಾರು ಒಂದು ಗಂಟೆಯಲ್ಲಿ ಉಸಿರಿನಿಂದ ಬಹಳಷ್ಟು ಇಳಿಯುತ್ತದೆ. ಅಸಿಟೋನೈಟ್ರೈಲ್ ಮಾತ್ರ ಹಾಗಲ್ಲ. ಸೇದದವರ ಮಟ್ಟಕ್ಕೆ ಬರಲು ಅದಕ್ಕೆ ಹೆಚ್ಚುಕಡಿಮೆ ಒಂದು ವಾರ ಬೇಕು. ಆದ್ದರಿಂದ ಕ್ಯಾನ್ಸರ್ ಗುಂಪಿನಲ್ಲಿ ಸೇದುವವರೇ ಹೆಚ್ಚಿದ್ದು, ಹೋಲಿಕೆಯ ಗುಂಪಿನಲ್ಲಿ ಸೇದದವರೇ ಹೆಚ್ಚಿದ್ದರೆ, ಯಂತ್ರ ಕಲಿಯುವುದು ತಂಬಾಕನ್ನು ಗುರುತಿಸುವುದನ್ನೇ. ಸೌದೆ ಒಲೆಯ ಮುಂದೆ ದಿನಾ ಕೂರುವ ಹೆಂಗಸರ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಅವರು ಸೇದದಿದ್ದರೂ ಹೊಗೆಯ ಅಂಶ ಮೈಯ ಕೊಬ್ಬಿನಲ್ಲಿ ನಿಂತು ನಿಧಾನವಾಗಿ ಹೊರಬರುತ್ತದೆ.

ಮಾದರಿ ಕೆಡುವುದು ಎಲ್ಲೆಲ್ಲಿ?

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಆಸ್ಪತ್ರೆಯ ಗಾಳಿಯಿಂದ. ಕೈ ತೊಳೆಯುವ ಸ್ಯಾನಿಟೈಸರ್‌ಗಳಲ್ಲಿ ಎಥನಾಲ್ ಅಥವಾ ಪ್ರೊಪನಾಲ್ ಇರುತ್ತದೆ. ವಾರ್ಡಿನಲ್ಲಿ ಮಲಗಿರುವ ರೋಗಿ ದಿನವಿಡೀ ಆ ಗಾಳಿಯನ್ನೇ ಉಸಿರಾಡುತ್ತಾರೆ. ಹೋಲಿಕೆಗೆಂದು ಕರೆಸಿದ ಆರೋಗ್ಯವಂತರು ಮನೆಯಿಂದ ನೇರ ಬಂದಿರುತ್ತಾರೆ. ಹಲವು ಅಧ್ಯಯನಗಳ ‘ಕ್ಯಾನ್ಸರ್ ಗುರುತು’ ಪಟ್ಟಿಯಲ್ಲಿ ಪ್ರೊಪನಾಲ್ ಕಾಣಿಸಿಕೊಂಡಿದೆ. ಅದರಲ್ಲಿ ಎಷ್ಟು ಗಡ್ಡೆಯದು, ಎಷ್ಟು ಸ್ಯಾನಿಟೈಸರಿನದು ಎಂದು ಕೇಳದೆ ಆ ಪಟ್ಟಿಯನ್ನು ನಂಬಬಾರದು. ಶಸ್ತ್ರಚಿಕಿತ್ಸೆ ಕೋಣೆಯ ಹತ್ತಿರವಾದರೆ ಅರಿವಳಿಕೆಯ ಸೆವೊಫ್ಲೂರೇನ್ ಕೂಡ ಬರುತ್ತದೆ.

ಕೋಣೆಯ ಗಾಳಿಯ ಅಳತೆಯನ್ನು ಉಸಿರಿನ ಅಳತೆಯಿಂದ ಕಳೆದುಬಿಟ್ಟರೆ ಆಯಿತಲ್ಲ ಎಂದು ಅನ್ನಿಸಬಹುದು. ಪೂರ್ತಿ ಆಗುವುದಿಲ್ಲ. ನಿನ್ನೆ ಉಸಿರಾಡಿದ ಆವಿ ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ ಉಳಿದಿರುತ್ತದೆ. ಶುದ್ಧ ಗಾಳಿಯನ್ನು ಐದು ನಿಮಿಷ ಕೊಟ್ಟರೆ ಶ್ವಾಸಕೋಶ ತೊಳೆದಂತಾಗಬಹುದು, ಮೈ ತೊಳೆಯುವುದಿಲ್ಲ.

ನೀರಾವಿಯ ಕಾಟ ಬೇರೆ. ಉಸಿರು ಸುಮಾರು 34 ಡಿಗ್ರಿಯಲ್ಲಿ, ತೇವದಿಂದ ತುಂಬಿಕೊಂಡೇ ಹೊರಬರುತ್ತದೆ. ಚೀಲ ತಣ್ಣಗಾದ ಕೂಡಲೇ ಒಳಗೋಡೆಯ ಮೇಲೆ ಹನಿ ಕಟ್ಟುತ್ತದೆ, ಅಸಿಟೋನ್, ಆಲ್ಕೋಹಾಲ್‌ನಂಥವು ಆ ಹನಿಯಲ್ಲಿ ಕರಗಿ ಮಾಯವಾಗುತ್ತವೆ. ಅದಕ್ಕೆ ಚೀಲವನ್ನು 37ರಿಂದ 40 ಡಿಗ್ರಿಗೆ ಬೆಚ್ಚಗೆ ಮಾಡಿ ಆಮೇಲೆ ಕೊಳವೆಗೆ ಹಾಯಿಸಬೇಕು, ಕೊಳವೆಯನ್ನು ಒಣ ಅನಿಲದಿಂದ ಸ್ವಲ್ಪ ಹೊತ್ತು ಊದಿ ತೇವ ತೆಗೆಯಬೇಕು.

ಟೆಡ್ಲಾರ್ ಚೀಲ ತಾನೇ ಫೀನಾಲ್ ಮತ್ತು ಡೈಮೀಥೈಲ್ ಅಸಿಟಮೈಡ್ ಬಿಡುತ್ತದೆ. ಹೊಸ ಚೀಲವನ್ನೂ ಶುದ್ಧ ಸಾರಜನಕದಿಂದ ಹಲವು ಸಲ ತುಂಬಿ ಖಾಲಿ ಮಾಡದೆ ಬಳಸಬಾರದು. ಒಳಗಿನದು ಸೋರುತ್ತಲೂ ಇರುತ್ತದೆ. ಕೆಲವೇ ಗಂಟೆಗಳೊಳಗೆ ಕೊಳವೆಗೆ ವರ್ಗಾಯಿಸಬೇಕು. ಟೆನಾಕ್ಸ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ಐಸೋಪ್ರೀನ್‌ನಂಥ ಹಗುರ ಅಣುಗಳು ಅದರಿಂದ ಜಾರಿಹೋಗುತ್ತವೆ, ಅವಕ್ಕಾಗಿ ಹಿಂದೆ ಇಂಗಾಲದ ಇನ್ನೊಂದು ಪದರ ಇಡುತ್ತಾರೆ.

ಊದುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ನೀರಲ್ಲಿ ಚೆನ್ನಾಗಿ ಕರಗುವ ಆವಿಗಳು ಗಾಳಿಗೂಡಿನಲ್ಲಷ್ಟೇ ಅಲ್ಲ, ದಾರಿಯುದ್ದಕ್ಕೂ ಶ್ವಾಸನಾಳದ ಒದ್ದೆ ಗೋಡೆಯೊಂದಿಗೆ ಕೊಡು-ಕೊಳ್ಳು ನಡೆಸುತ್ತವೆ. ಜೋರಾಗಿ ಊದಿದರೆ ಒಂದು ಅಳತೆ, ನಿಧಾನವಾಗಿ ಊದಿದರೆ ಇನ್ನೊಂದು. ಕೆಮ್ಮುವ, ಏದುಸಿರು ಬಿಡುವ ರೋಗಿಗೂ ಆರಾಮಾಗಿ ಊದುವ ಆರೋಗ್ಯವಂತರಿಗೂ ಈ ವ್ಯತ್ಯಾಸ ಇದ್ದೇ ಇರುತ್ತದೆ.

ಯಾವ ಯಂತ್ರದಿಂದ ಅಳೆಯುತ್ತಾರೆ?

ನೆಚ್ಚಿಕೊಳ್ಳಬಹುದಾದ ವಿಧಾನ ಗ್ಯಾಸ್ ಕ್ರೊಮಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿಯ ಜೋಡಿ. ಕೊಳವೆಯನ್ನು ಸುಮಾರು 280ರಿಂದ 300 ಡಿಗ್ರಿಗೆ ಕಾಯಿಸಿದಾಗ ಅಂಟಿದ್ದ ಆವಿಗಳು ಬಿಡುತ್ತವೆ. ಅವು ಕೂದಲೆಳೆಯಂಥ ಉದ್ದನೆಯ ಕಾಲಂ ಒಳಗೆ ಒಂದರ ಹಿಂದೆ ಒಂದಾಗಿ ಸಾಗಿ, ತುದಿಯಲ್ಲಿ ತುಂಡಾಗಿ ತಮ್ಮ ತೂಕದ ಗುರುತು ಬಿಡುತ್ತವೆ. ಒಂದು ಮಾದರಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಗಣಕದ ಗ್ರಂಥಾಲಯ ‘ಇದು ಇಂಥ ವಸ್ತು’ ಎಂದು ತೋರಿಸಿದ್ದು ಬರೀ ಊಹೆ. ಆ ಶುದ್ಧ ವಸ್ತುವನ್ನೇ ತಂದು ಅದೇ ಕಾಲಂನಲ್ಲಿ ಓಡಿಸಿ, ಅದೇ ಹೊತ್ತಿಗೆ ಹೊರಬರುತ್ತದೆಯೇ ಎಂದು ನೋಡಿದ ಮೇಲೆಯೇ ಹೆಸರು ಖಚಿತ. ದಾರಿಯಲ್ಲಿ ಎಷ್ಟು ಕಳೆದುಹೋಯಿತು ಎಂದು ತಿಳಿಯಲು ಭಾರ ಜಲಜನಕ (ಸಾಮಾನ್ಯ ಜಲಜನಕಕ್ಕಿಂತ ತೂಕ ಹೆಚ್ಚಿರುವ ಬಗೆ) ಇರುವ ಟಾಲ್ವೀನ್‌ನಂಥ ವಸ್ತುವನ್ನು ಅಳೆದು ಮೊದಲೇ ಕೊಳವೆಗೆ ಹಾಕುತ್ತಾರೆ.

ಪಿ.ಟಿ.ಆರ್. ಮತ್ತು ಸಿಫ್ಟ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್‌ಗಳಿಗೆ ನೇರವಾಗಿ ಊದಬಹುದು, ಆ ಕ್ಷಣವೇ ಅಂಕಿ ಬರುತ್ತದೆ. ಪಿ.ಟಿ.ಆರ್. ಯಂತ್ರ ನೋಡುವುದು ತೂಕವನ್ನು ಮಾತ್ರ, ಹಾಗಾಗಿ ಒಂದೇ ತೂಕದ ಅಸಿಟೋನ್ ಮತ್ತು ಪ್ರೊಪನಾಲ್ಡಿಹೈಡ್ ಒಂದೇ ಗೆರೆಯಲ್ಲಿ ಬಂದು ಕೂರುತ್ತವೆ.

ಎಲೆಕ್ಟ್ರಾನಿಕ್ ಮೂಗು ಎಂದರೇನು? ಅಗ್ಗವಲ್ಲವೇ?

ಹಲವು ಸಂವೇದಕಗಳ ಒಂದು ಗುಚ್ಛ. ಪ್ರತಿಯೊಂದೂ ಹಲವು ಆವಿಗಳಿಗೆ ಬೇರೆ ಬೇರೆ ಮಟ್ಟದಲ್ಲಿ ಸ್ಪಂದಿಸುತ್ತದೆ, ಒಟ್ಟು ನಮೂನೆಯನ್ನು ಗಣಕ ಕಲಿತುಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಏಯೋನೋಸ್, ಸ್ಪೈರೋನೋಸ್ ಈ ಬಗೆಯವು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡಬಹುದು, ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗೆ ಎಂದಾದರೂ ತಲುಪುವುದಾದರೆ ಇಂಥದ್ದೇ ತಲುಪಬೇಕು. ಆದರೆ ಯಾವ ವಸ್ತುವನ್ನು ನೋಡಿ ‘ಹೌದು’ ಎಂದಿತು ಎಂದು ಅದು ಹೇಳುವುದಿಲ್ಲ. ಲೋಹದ ಆಕ್ಸೈಡಿನ ಸಂವೇದಕಗಳು ನೂರಾರು ಡಿಗ್ರಿ ಬಿಸಿಯಲ್ಲಿ ಕೆಲಸ ಮಾಡುತ್ತವೆ, ತೇವಕ್ಕೆ ಸ್ಪಂದಿಸುತ್ತವೆ, ತಿಂಗಳು ಕಳೆದಂತೆ ಅವುಗಳ ಅಳತೆ ಸರಿಯುತ್ತಾ ಹೋಗುತ್ತದೆ. ಮಂಗಳೂರಿನ ಮಳೆಗಾಲದ ಗಾಳಿಗೂ ಕಲಬುರಗಿಯ ಏಪ್ರಿಲ್ ಗಾಳಿಗೂ ಒಂದೇ ಅಂಕಿ ಕೊಡುತ್ತದೆಯೇ ಎಂಬುದನ್ನು ಪರೀಕ್ಷಿಸದೆ ನಮ್ಮಲ್ಲಿ ಬಳಸಲಾಗದು.

ನಾಯಿಗಳು ಮೂಸಿ ಹೇಳುತ್ತವೆ ಎಂದು ಓದಿದ್ದೆ.

2006ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ ಐದು ನಾಯಿಗಳು ಶ್ವಾಸಕೋಶದ ಕ್ಯಾನ್ಸರ್ ಇದ್ದ 55 ಜನರ ಉಸಿರನ್ನು 99%ರಷ್ಟು ನಿಖರವಾಗಿ ಗುರುತಿಸಿದವು ಎಂದು ವರದಿಯಾಯಿತು. 2016ರಲ್ಲಿ ಆಸ್ಟ್ರಿಯಾದಲ್ಲಿ ನಾಯಿಗೂ, ನಾಯಿ ಹಿಡಿದವರಿಗೂ ಉತ್ತರ ಗೊತ್ತಿಲ್ಲದಂತೆ, ನಿಜವಾದ ತಪಾಸಣೆಯ ಹಾಗೆ ನಡೆಸಿದಾಗ, ಕ್ಯಾನ್ಸರ್ ಇಲ್ಲದವರನ್ನು ಸರಿಯಾಗಿ ಬಿಟ್ಟದ್ದು ಸುಮಾರು 34% ಮಾತ್ರ. ಉತ್ತರ ಯಾರಿಗೂ ಗೊತ್ತಿಲ್ಲದಿದ್ದರೆ ನಾಯಿಗೆ ಸರಿಯಾದ ಹೊತ್ತಿನಲ್ಲಿ ತಿಂಡಿ ಕೊಟ್ಟು ಹುರಿದುಂಬಿಸಲೂ ಆಗುವುದಿಲ್ಲ. ವಾಸನೆಯಲ್ಲಿ ಏನೋ ಇದೆ ಎಂಬುದಕ್ಕೆ ನಾಯಿ ಒಳ್ಳೆಯ ಸಾಕ್ಷಿ, ಅಷ್ಟೇ.

90% ಸರಿ ಹೇಳುವ ಪರೀಕ್ಷೆ ಇದ್ದರೆ ಸಾಕಲ್ಲವೇ?

ಒಂದು ಲೆಕ್ಕ ಹಾಕೋಣ. ದಶಕಗಳ ಕಾಲ ಸೇದಿದ, ಐವತ್ತು ದಾಟಿದ 1000 ಜನರನ್ನು ತಪಾಸಣೆಗೆ ಕರೆದಿದ್ದೇವೆ. ಅಮೆರಿಕದ ದೊಡ್ಡ ಸಿ.ಟಿ. ಅಧ್ಯಯನದ ಮೊದಲ ಸುತ್ತಿನಲ್ಲಿ ಕಂಡಂತೆ ಇವರಲ್ಲಿ ಸುಮಾರು 1%, ಅಂದರೆ 10 ಜನರಿಗೆ ಕ್ಯಾನ್ಸರ್ ಇದೆ ಎನ್ನೋಣ. ರೋಗ ಇದ್ದವರಲ್ಲಿ 90% ಹಿಡಿಯುವ ಪರೀಕ್ಷೆ 9 ಜನರನ್ನು ಹಿಡಿಯುತ್ತದೆ, ಒಬ್ಬರನ್ನು ತಪ್ಪಿಸುತ್ತದೆ. ರೋಗ ಇಲ್ಲದ 990 ಜನರಲ್ಲಿ 90% ಸರಿ ಹೇಳಿದರೂ 99 ಜನರಿಗೆ ಸುಳ್ಳು ‘ಪಾಸಿಟಿವ್’ ಬರುತ್ತದೆ. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದ ಕ್ಯಾನ್ಸರ್ 9, ಶೇಕಡಾ 8ರಷ್ಟು.

ಇದರಿಂದ ಪರೀಕ್ಷೆ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಆ 108 ಜನರಿಗೆ ಮಾತ್ರ ಸಿ.ಟಿ. ಮಾಡಿದರೆ ಸ್ಕ್ಯಾನ್‌ಗಳ ಸಂಖ್ಯೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಸ್ಕ್ಯಾನ್ ಯಂತ್ರಗಳು ಕಡಿಮೆ ಇರುವ ಕಡೆ ಅದು ದೊಡ್ಡ ಮಾತು. ಬಿಟ್ಟುಹೋದ ಆ ಒಬ್ಬರಿಗೆ ಏನು ಹೇಳುತ್ತೇವೆ ಎಂಬುದಕ್ಕೂ ಆಗ ಉತ್ತರ ಸಿದ್ಧವಿರಬೇಕು. ಐವತ್ತು ದಾಟದ, ಸೇದದ ಸಾಮಾನ್ಯ ಜನರಲ್ಲಿ ಕ್ಯಾನ್ಸರ್ ಇನ್ನೂ ಅಪರೂಪ. ಅಲ್ಲಿ ಅದೇ ಪರೀಕ್ಷೆಯ ಬಹುತೇಕ ಎಲ್ಲ ಪಾಸಿಟಿವ್‌ಗಳೂ ಸುಳ್ಳಾಗುತ್ತವೆ.

ಸಂಶೋಧನೆಯಲ್ಲಿ ಕಂಡ ಅಂಕಿ ಆಸ್ಪತ್ರೆಯಲ್ಲಿ ಯಾಕೆ ಇಳಿಯುತ್ತದೆ?

ಸಂಖ್ಯೆಗಳ ಕಾರಣ ಮೊದಲನೆಯದು. 60 ರೋಗಿಗಳು, ಒಬ್ಬೊಬ್ಬರಿಂದ ನೂರಾರು ಆವಿಗಳ ಅಳತೆ. ನೂರು ವಸ್ತುಗಳನ್ನು ಒಂದೊಂದಾಗಿ ಹೋಲಿಸಿದರೆ, ಏನೂ ಸಂಬಂಧವಿಲ್ಲದಿದ್ದರೂ ಸುಮಾರು ಐದು ವಸ್ತುಗಳು ‘ಮಹತ್ವದ ವ್ಯತ್ಯಾಸ’ದ ಮಾಮೂಲಿ ಗೆರೆಯನ್ನು ಆಕಸ್ಮಿಕವಾಗಿಯೇ ದಾಟುತ್ತವೆ. ಗಣಕದ ಕಲಿಕೆ ಇಂಥ ಆಕಸ್ಮಿಕಗಳನ್ನು ಹೆಕ್ಕುವುದರಲ್ಲಿ ಬಲು ಚುರುಕು.

ಎರಡನೆಯದು ಹೋಲಿಕೆಯ ಗುಂಪು. ಕ್ಯಾನ್ಸರ್ ರೋಗಿಗಳ ವಯಸ್ಸು ಅರವತ್ತೈದು, ಹೋಲಿಕೆಗೆ ಸಿಕ್ಕವರು ಆಸ್ಪತ್ರೆಯ ಮೂವತ್ತರ ಸಿಬ್ಬಂದಿ ಎಂದಾದರೆ ವಯಸ್ಸು, ಮಾತ್ರೆಗಳು, ಆಹಾರ ಎಲ್ಲವೂ ಬೇರೆ. ರೋಗಿಗಳ ಮಾದರಿಯನ್ನು ಜನವರಿಯಲ್ಲಿ, ಉಳಿದವರದನ್ನು ಜೂನ್‌ನಲ್ಲಿ ಓಡಿಸಿದರೆ ಅಷ್ಟರಲ್ಲಿ ಯಂತ್ರದ ಅಳತೆ ಸರಿದಿರುವುದೂ ಸೇರಿಕೊಳ್ಳುತ್ತದೆ. ನಿಜವಾದ ಪರೀಕ್ಷೆ ಎಂದರೆ, ನಮೂನೆಯನ್ನು ಮೊದಲೇ ಮುಚ್ಚಿ ಮುದ್ರೆ ಹಾಕಿ, ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ, ಎಕ್ಸ್‌ರೇಯಲ್ಲಿ ಕಲೆ ಕಂಡು ಬಂದ ಎಲ್ಲರ ಮೇಲೂ, ಉತ್ತರ ಗೊತ್ತಿಲ್ಲದೆ ಪ್ರಯೋಗಿಸುವುದು.

ಟಿ.ಬಿ. ಇದ್ದವರಲ್ಲಿ ಈ ಪರೀಕ್ಷೆ ಗೊಂದಲ ಮಾಡುವುದಿಲ್ಲವೇ?

ಮಾಡುತ್ತದೆ, ನಮ್ಮ ದೇಶದ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಟಿ.ಬಿ.ಯೂ ಉರಿಯೂತ ತರುತ್ತದೆ, ಉಸಿರಿನ ಆವಿಗಳನ್ನು ಬದಲಿಸುತ್ತದೆ, ಎಕ್ಸ್‌ರೇಯಲ್ಲಿ ಕ್ಯಾನ್ಸರಿನಂತೆಯೇ ಕಾಣಬಹುದು. ಹಳೆಯ ಟಿ.ಬಿ. ಬಿಟ್ಟುಹೋದ ಗಂಟುಗಳು ಸಿ.ಟಿ.ಯಲ್ಲೂ ತಲೆನೋವೇ. ಟಿ.ಬಿ. ವಿರಳವಾದ ಯೂರೋಪಿನ ಜನರ ಮೇಲೆ ಕಟ್ಟಿದ ನಮೂನೆಯನ್ನು ಇಲ್ಲಿ ಹಾಗೇ ಬಳಸಲಾಗದು. ಹೋಲಿಕೆಯ ಗುಂಪಿನಲ್ಲಿ ಟಿ.ಬಿ. ರೋಗಿಗಳಿರಲೇಬೇಕು.

ಕಫದಲ್ಲಿ ರೋಗಾಣು ಕಾಣದೆಯೇ ಎಕ್ಸ್‌ರೇ ನೋಡಿ ಟಿ.ಬಿ. ಮಾತ್ರೆ ಶುರುಮಾಡಿದ್ದು, ಕೆಲವು ವಾರಗಳಾದರೂ ಕೆಮ್ಮು, ತೂಕ ಇಳಿಕೆ ನಿಲ್ಲದಿದ್ದರೆ, ಆರು ತಿಂಗಳ ಕೋರ್ಸ್ ಮುಗಿಯಲಿ ಎಂದು ಕಾಯಬೇಡಿ. ಕಫದಲ್ಲಿ ಟಿ.ಬಿ. ರೋಗಾಣುವಿನ ಡಿ.ಎನ್.ಎ. ಹುಡುಕುವ ಸಿಬಿ-ನ್ಯಾಟ್ ಪರೀಕ್ಷೆ ಆಗಿದೆಯೇ, ಸಿ.ಟಿ. ಮತ್ತು ಬಯಾಪ್ಸಿ ಬೇಕೇ ಎಂದು ವೈದ್ಯರನ್ನು ಕೇಳಿ.

ಬಾಯಿ ವಾಸನೆ ಬಂದರೆ ಶ್ವಾಸಕೋಶದ ಕ್ಯಾನ್ಸರ್ ಎಂದರ್ಥವೇ?

ಅಲ್ಲ. ಸಾಮಾನ್ಯ ಬಾಯಿ ವಾಸನೆ ನಾಲಿಗೆ, ವಸಡಿನ ಬ್ಯಾಕ್ಟೀರಿಯಾಗಳು ಬಿಡುವ ಗಂಧಕದ ಅನಿಲಗಳದು. ಕ್ಯಾನ್ಸರ್ ಅಧ್ಯಯನಗಳು ಹುಡುಕುವ ಆವಿಗಳು ಮನುಷ್ಯರ ಮೂಗಿಗೆ ಸಿಗುವಷ್ಟು ಇರುವುದಿಲ್ಲ.

ಸ್ಪೈರೋಮೆಟ್ರಿ, ಮೂರು ಚೆಂಡಿನ ಸಾಧನ, ಇವೂ ಇದೇ ಪರೀಕ್ಷೆಯೇ?

ಇಲ್ಲ. ಸ್ಪೈರೋಮೆಟ್ರಿ ಎಷ್ಟು ಗಾಳಿ, ಎಷ್ಟು ವೇಗದಲ್ಲಿ ಎಂದು ಅಳೆಯುತ್ತದೆ. ಮೂರು ಚೆಂಡಿನದು ವ್ಯಾಯಾಮದ ಸಾಧನ. ಚೆಂಡು ಮೇಲೆ ಹೋಯಿತು ಎಂದು ಕ್ಯಾನ್ಸರ್ ಇಲ್ಲ ಎನ್ನುವಂತಿಲ್ಲ.

ಬೇರೆ ಕಾಯಿಲೆಗಳಿಗೆ ಉಸಿರಿನ ಪರೀಕ್ಷೆ ಇದೆಯಲ್ಲ, ಇದಕ್ಕೆ ಯಾಕಿಲ್ಲ?

ಹೊಟ್ಟೆಯ ಎಚ್. ಪೈಲೋರಿ ಸೋಂಕಿಗೆ ಗುರುತು ಹಚ್ಚಿದ ಇಂಗಾಲವಿರುವ ಯೂರಿಯಾ ಕುಡಿಸಿ, ಸುಮಾರು ಅರ್ಧ ಗಂಟೆಯೊಳಗೆ ಊದಿಸುತ್ತಾರೆ. ಆ ಯೂರಿಯಾವನ್ನು ಒಡೆಯುವ ಕಿಣ್ವ ನಮ್ಮ ಜೀವಕೋಶಗಳಲ್ಲಿಲ್ಲ, ಆ ಬ್ಯಾಕ್ಟೀರಿಯಾದಲ್ಲಿದೆ. ಅಸ್ತಮಾದಲ್ಲಿ ನೈಟ್ರಿಕ್ ಆಕ್ಸೈಡ್, ಪೊಲೀಸರ ಕೈಯಲ್ಲಿ ಮದ್ಯ. ಈ ಎಲ್ಲದರಲ್ಲೂ ಒಂದು ವಸ್ತು, ಅದು ಎಲ್ಲಿಂದ ಬಂತು ಎಂಬುದು ಗೊತ್ತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎರಡೂ ಇಲ್ಲ.

ಯೂರಿಯಾದ ಈ ಉಪಾಯವನ್ನೇ ಈಗ ಕ್ಯಾನ್ಸರಿಗೂ ತರುವ ಪ್ರಯತ್ನ ನಡೆದಿದೆ, ನಮಗೆ ಹೆಚ್ಚು ಭರವಸೆ ಕಾಣುವುದು ಇದರಲ್ಲೇ. ಬ್ರಿಟನ್ನಿನ ಕೇಂಬ್ರಿಜ್‌ನ ಔಲ್‌ಸ್ಟೋನ್ ಮೆಡಿಕಲ್ ಕಂಪನಿ, ಗಡ್ಡೆಯ ಸುತ್ತ ಹೆಚ್ಚಿರುವ ಬೀಟಾ ಗ್ಲುಕುರೊನಿಡೇಸ್ ಕಿಣ್ವ ಕತ್ತರಿಸಬಲ್ಲ ಒಂದು ವಸ್ತುವನ್ನು ರಕ್ತಕ್ಕೆ ಕೊಟ್ಟು, ಅದರಿಂದ ಬಿಡುಗಡೆಯಾಗುವ ಭಾರ ಜಲಜನಕದ ಎಥನಾಲನ್ನು ಉಸಿರಿನಲ್ಲಿ ಅಳೆಯಲು ನೋಡುತ್ತಿದೆ. ಭಾರ ಜಲಜನಕದ ಎಥನಾಲ್ ಸ್ಯಾನಿಟೈಸರಿನಿಂದಲೂ ಬರದು, ಊಟದಿಂದಲೂ ಬರದು. ಮೇಲೆ ಹೇಳಿದ ಹಿನ್ನೆಲೆಯ ಗದ್ದಲವೆಲ್ಲ ಒಂದೇ ಏಟಿಗೆ ದೂರವಾಗುತ್ತದೆ. ಆ ಕಿಣ್ವ ಉರಿಯೂತವಿದ್ದಲ್ಲೂ ಇರಬಹುದು ಎಂಬ ತೊಡಕು ಉಳಿದೇ ಇದೆ.

ಉಸಿರನ್ನು ತಣಿಸಿ ನೀರು ಮಾಡಿ ಪರೀಕ್ಷಿಸುವುದು ಬೇರೆಯೇ?

ಬೇರೆ. ತಣ್ಣನೆಯ ಕೊಳವೆಗೆ ಸುಮಾರು ಹತ್ತು ನಿಮಿಷ ಉಸಿರಾಡಿಸಿದರೆ ಒಂದೆರಡು ಮಿ.ಲೀ. ದ್ರವ ಸಿಗುತ್ತದೆ. ಅದರಲ್ಲಿ ಪ್ರೋಟೀನ್, ಡಿ.ಎನ್.ಎ. ಚೂರುಗಳನ್ನು ಹುಡುಕುತ್ತಾರೆ. ಬಹುಪಾಲು ಬರೀ ನೀರು, ಎಷ್ಟು ಪಟ್ಟು ತೆಳುವಾಗಿದೆ ಎಂಬುದು ಪ್ರತಿ ಸಲ ಬದಲಾಗುತ್ತದೆ, ಎಂಜಲು ಬೆರೆಯುತ್ತದೆ.

ಒಂದು ಲ್ಯಾಬ್ ಈ ಪರೀಕ್ಷೆಗೆ ದುಡ್ಡು ಕೇಳುತ್ತಿದೆ. ಮಾಡಿಸಲೇ?

ಬೇಡ. ಕೇಳಲೇಬೇಕೆಂದರೆ ಇಷ್ಟು ಕೇಳಿ: ಟಿ.ಬಿ. ಮತ್ತು ಸಿ.ಒ.ಪಿ.ಡಿ. ರೋಗಿಗಳ ಮೇಲೆ ಪರೀಕ್ಷಿಸಿದ್ದೀರಾ? ನಮೂನೆ ಕಟ್ಟಿದ ಆಸ್ಪತ್ರೆ ಬಿಟ್ಟು ಬೇರೆ ಕಡೆ ಅದೇ ಫಲಿತಾಂಶ ಬಂದಿದೆಯೇ? ಕೋಣೆಯ ಗಾಳಿಯನ್ನು ಅಳೆಯುತ್ತೀರಾ? ಗಡ್ಡೆ ತೆಗೆದ ಮೇಲೆ ಆ ಆವಿಗಳು ಇಳಿದಿವೆಯೇ?

ಸಂಶೋಧನೆಗೆ ಉಸಿರು ಕೊಡಿ ಎಂದು ಆಸ್ಪತ್ರೆಯವರು ಕೇಳಿದರೆ ಅದು ಬೇರೆ ವಿಷಯ. ಊದುವುದರಿಂದ ತೊಂದರೆಯಿಲ್ಲ, ದುಡ್ಡು ಕೊಡಬೇಕಾಗಿಲ್ಲ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಅಧ್ಯಯನ ಚಿಕಿತ್ಸಾ ಪ್ರಯೋಗವಾಗಿದ್ದರೆ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಾದ ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಇರಬೇಕು. ಆ ಊದುವಿಕೆಗಾಗಿ ನಿಮ್ಮ ಸಿ.ಟಿ. ಅಥವಾ ಬಯಾಪ್ಸಿ ಒಂದು ದಿನವೂ ತಡವಾಗಬಾರದು.

ಹಾಗಾದರೆ ಬೇಗ ಪತ್ತೆಗೆ ಈಗ ಏನಿದೆ?

ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 53,454 ಜನರಿದ್ದರು. ಎಕ್ಸ್‌ರೇ ಗುಂಪಿಗಿಂತ ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು 20% ಕಡಿಮೆಯಾಯಿತು. ಅದರ ದೋಷವೂ ದೊಡ್ಡದು: ಅಸಹಜ ಎಂದು ಬಂದ ಫಲಿತಾಂಶಗಳಲ್ಲಿ 96.4% ಕ್ಯಾನ್ಸರ್ ಆಗಿರಲಿಲ್ಲ. ಉಸಿರಿನ ಪರೀಕ್ಷೆಯ ಮೇಲೆ ಇಷ್ಟು ಜನ ಇಷ್ಟು ವರ್ಷ ದುಡಿಯುತ್ತಿರುವುದು ಈ ಅಂಕಿಯನ್ನು ಇಳಿಸುವುದಕ್ಕಾಗಿಯೇ.

ಅಮೆರಿಕದ 2021ರ ಶಿಫಾರಸಿನಂತೆ 50ರಿಂದ 80 ವರ್ಷದೊಳಗಿನ, 20 ಪ್ಯಾಕ್-ವರ್ಷ ಸೇದಿದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ಆಗದವರು ವರ್ಷಕ್ಕೊಮ್ಮೆ ಮಾಡಿಸಬೇಕು. ದಿನಕ್ಕೆ 20 ಸಿಗರೇಟು ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ವರ್ಷ. ದಿನಕ್ಕೆ 10ರಂತೆ 40 ವರ್ಷ ಸೇದಿದರೂ 20 ಪ್ಯಾಕ್-ವರ್ಷವೇ. ಬೀಡಿ ಸೇದುವವರು ಅದನ್ನು ಲೆಕ್ಕಕ್ಕಿಲ್ಲ ಎಂದು ಬಿಡಬಾರದು, ದಿನಕ್ಕೆ ಎಷ್ಟು ಎಂದು ವೈದ್ಯರಿಗೆ ನೇರವಾಗಿ ಹೇಳಬೇಕು.

ಎಲ್ಲೋ ಮಾಡಿಸಿದ ಉಸಿರಿನ ವರದಿ ‘ನೆಗೆಟಿವ್’ ಬಂದಿದೆ. ಆದರೆ ಅಪ್ಪನ ಕಫದಲ್ಲಿ ರಕ್ತ ಕಾಣುತ್ತಿದೆ. ಕಾಯಬಹುದೇ?

ಕಾಯಬೇಡಿ. ಆ ವರದಿಯನ್ನು ಪಕ್ಕಕ್ಕಿಡಿ. ಕಫದಲ್ಲಿ ರಕ್ತ, ಮೂರು ವಾರ ದಾಟಿದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ದನಿ ಒಡೆದು ಸರಿಹೋಗದಿರುವುದು, ಕುತ್ತಿಗೆಯ ಬುಡದಲ್ಲಿ ಗಂಟು, ಇವುಗಳಲ್ಲಿ ಒಂದಿದ್ದರೂ ಈ ವಾರವೇ ಎದೆಯ ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಆಗಬೇಕು. ಒಂದೇ ಸಲಕ್ಕೆ ಬಹಳ ರಕ್ತ ಬಂದರೆ ಅಥವಾ ಉಸಿರು ಕಟ್ಟಿದರೆ ಆಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಎಕ್ಸ್‌ರೇ ಚೆನ್ನಾಗಿದೆ ಎಂದು ಬಂದರೂ ರಕ್ತ ನಿಲ್ಲದಿದ್ದರೆ ಸಿ.ಟಿ. ಕೇಳಿ, ಏಕೆಂದರೆ ಹೃದಯದ ಹಿಂದೆ, ಪಕ್ಕೆಲುಬುಗಳ ನೆರಳಿನಲ್ಲಿ ಕುಳಿತ ಗಡ್ಡೆಯನ್ನು ಎಕ್ಸ್‌ರೇ ತೋರಿಸದೇ ಇರಬಹುದು. ಸರ್ಕಾರಿ ವ್ಯವಸ್ಥೆಯಲ್ಲಿ ಜಿಲ್ಲಾ ಆಸ್ಪತ್ರೆಯ ಎದೆರೋಗ ವಿಭಾಗದಿಂದ ಶುರುಮಾಡಬಹುದು. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ಕಿದ್ವಾಯಿ ಗ್ರಂಥಿ ಸಂಸ್ಥೆ ಇವೆ. ಹೋಗುವಾಗ ಹಳೆಯ ಎಕ್ಸ್‌ರೇ ಫಿಲ್ಮ್‌ಗಳನ್ನು, ಎಷ್ಟೇ ವರ್ಷ ಹಳೆಯದಾದರೂ, ತಪ್ಪದೆ ಒಯ್ಯಿರಿ. ಐದು ವರ್ಷದ ಹಿಂದೆಯೂ ಅದೇ ಜಾಗದಲ್ಲಿ ಅಷ್ಟೇ ದೊಡ್ಡದಾಗಿದ್ದ ಕಲೆ ಹಳೆಯ ಟಿ.ಬಿ.ಯ ಗಾಯವಾಗಿರುವ ಸಾಧ್ಯತೆ ಹೆಚ್ಚು, ಹೋದ ವರ್ಷ ಇಲ್ಲದಿದ್ದ ಕಲೆಗೆ ಬಯಾಪ್ಸಿ ಬೇಕಾಗಬಹುದು.